ಬಣ್ಣ ನೋಡಿ ಟಯರ್ ಕುಂಡ ತೆಗೆದುಕೊಳ್ಳಬೇಡಿ

ಕಾಸರಗೋಡು ಕಡೆಯ ನರ್ಸರಿಗಳಲ್ಲೂ ಕೆಲವು ಗುಜರಿ ಅಂಗಡಿಗಳಲ್ಲೂ ಕತ್ತರಿಸಿ ಬಣ್ಣ ಬಳಿದ ಟ್ರ್ಯಾಕ್ಟರ್ ಟಯರಿನ ಹೂಕುಂಡ ಮಾರಾಟಕ್ಕಿದೆ. ಟಯರೇನೋ ಚಿನ್ನದಂಥ ಮಾಲು. ಅದರ ಮೇಲೆ ಮಾಡಿದ ಕೆಲಸ ಮಾತ್ರ ಬಹುಪಾಲು ಅರ್ಧಂಬರ್ಧ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಊರಿನಲ್ಲಿ ಮೊದಲು ನೋಡಬೇಕಾದ್ದು ಕುಂಡದ ತಳ. ಮಾರುವವರು ತೋರಿಸುವುದು ಬಣ್ಣ.

ನಮ್ಮಲ್ಲಿ ಟ್ರ್ಯಾಕ್ಟರಿಗಿಂತ ಟಿಲ್ಲರೇ ಹೆಚ್ಚು. ಟಿಲ್ಲರಿನ 6.00-12 ಟಯರು ಒಂದು ಗಿಡಕ್ಕೆ ಸಾಕು, ಅಷ್ಟೇ. ಕೇಳಿ ತೆಗೆದುಕೊಳ್ಳಬೇಕಾದ್ದು ಟ್ರ್ಯಾಕ್ಟರಿನ ಹಿಂದಿನ ಚಕ್ರದ 13.6-28. ಅಗಲ 13.6 ಇಂಚು, ರಿಮ್ಮಿನ ವ್ಯಾಸ 28 ಇಂಚು. ಮಲಗಿಸಿದರೆ ಒಂದಡಿ ಚಿಲ್ಲರೆ ಎತ್ತರ ಬರುತ್ತದೆ, ಮೇಲಿನ ಪಕ್ಕವನ್ನು ಕತ್ತರಿಸಿ ತೆಗೆದರೆ ಸುಮಾರು 350 ಲೀಟರ್ ಮಣ್ಣು ಹಿಡಿಯುತ್ತದೆ. ಮಣ್ಣು ನೆನೆದ ಮೇಲೆ ಅರ್ಧ ಟನ್ನಿನ ಹತ್ತಿರ ತೂಗುವುದರಿಂದ ತಾರಸಿಗೆ ಹತ್ತಿಸುವ ಮಾತೇ ಬೇಡ.

ಕತ್ತರಿಸಿದ ಅಂಚಿನ ಮೇಲೆ ಹುಷಾರಾಗಿ ಬೆರಳಾಡಿಸಿ ನೋಡಿ. ಒಳ್ಳೆಯ ಕೆಲಸವಾದರೆ ನೈಲಾನ್ ನೂಲಿನ ಪದರಗಳಷ್ಟೇ ಕೈಗೆ ಸಿಗುತ್ತವೆ. ಉಕ್ಕಿನ ತಂತಿ ಚುಚ್ಚಿದರೆ ಅದು ಒಳಗೆ ತಂತಿ ಹೆಣೆದ ರೇಡಿಯಲ್ ಟಯರು, ಇಲ್ಲವೇ ರಿಮ್ಮಿಗೆ ಕೂರುವ ಬೀಡ್‌ಗೇ ಬ್ಲೇಡು ಹಾಕಿದ್ದಾರೆ. ಎರಡೂ ಬೇಡ, ತುಕ್ಕು ಹಿಡಿದ ತಂತಿ ಮಕ್ಕಳ ಕೈ ಸೀಳುತ್ತದೆ. ಮೇಲಿನ ಪಕ್ಕವನ್ನು ಕತ್ತರಿಸದೆ ಬಿಟ್ಟ ಕುಂಡವೂ ಬೇಡ. ಆ ಮಡಿಕೆಯ ಕೆಳಗೆ ಆಫ್ರಿಕನ್ ಬಸವನಹುಳು ಹಗಲೆಲ್ಲ ಅಡಗಿದ್ದು ರಾತ್ರಿ ಚಿಗುರು ಮುಕ್ಕುತ್ತದೆ.

ದೊಡ್ಡ ದೋಷ ತೂತಿನದು. ಟಯರು ಮಲಗಿದಾಗ ಕೆಳಗಿನ ಪಕ್ಕ ಉಬ್ಬಿ ನೆಲಕ್ಕೆ ತಾಗುತ್ತದೆ, ಬೀಡ್ ತುಸು ಮೇಲೆ ನಿಲ್ಲುತ್ತದೆ. ಹಾಗಾಗಿ ನಡುವೆ ತೆರೆದಿದ್ದರೂ ಸುತ್ತಲೂ ಒಂದು ಕಾಲುವೆ ಉಳಿದು, ನೀರು ಅಲ್ಲೇ ನಿಂತು ಬೇರು ಕೊಳೆಯುತ್ತದೆ. ಅಂಗಡಿಯವರು ತೂತು ಕೊರೆದಿದ್ದರೂ ಹೊರಗಿನ ಗೋಡೆಗೆ ಎರಡು ಇಂಚು ಮೇಲೆ ಕೊರೆದಿರುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಉಬ್ಬಿನ ಅತಿ ತಗ್ಗಿನ ಜಾಗದಲ್ಲೇ, ಗೇಣಿಗೊಂದರಂತೆ 12–14 ತೂತು ಬೇಕು. 12 ಎಂಎಂ ಡ್ರಿಲ್ ಬಿಟ್ ಸಾಲದು. ಬಿಟ್ ಹೊರಬಂದ ಕೂಡಲೇ ರಬ್ಬರ್ ಕುಗ್ಗಿ ತೂತು ಕಿರಿದಾಗುತ್ತದೆ, ಮುರಮಣ್ಣಿನ ಜಿಗುಟು ಉಳಿದದ್ದನ್ನು ಮುಚ್ಚುತ್ತದೆ. 20 ಎಂಎಂ ಹೋಲ್ ಸಾ (ದುಂಡಗೆ ಕತ್ತರಿಸುವ ಗರಗಸದ ಬಿಟ್) ಹಾಕಿಸಿ, ತುಂಡು ಹೊರಗೆ ಬಿದ್ದದ್ದನ್ನು ಕಣ್ಣಾರೆ ನೋಡಿ. ಇಡುವಲ್ಲಿ ನೆಲವನ್ನು ಪಿಕಾಸಿಯಿಂದ ಸಡಿಲಿಸಿ, ಉಬ್ಬು ಕೂರುವ ಕಡೆ ಎರಡು ಇಂಚು ಜಲ್ಲಿ ಹರಡಿದರೆ ನೀರಿಗೆ ದಾರಿಯಾಗುತ್ತದೆ.

ಹೊರಗೆ ಮಳೆಯಲ್ಲಿ ಪೇರಿಸಿಟ್ಟ ಮಾಲಾದರೆ ಒಳಗೋಡೆಯನ್ನು ಸೋಪು ಹಾಕಿ ಗಟ್ಟಿ ಬ್ರಷ್ಷಿನಿಂದ ಉಜ್ಜಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಣ ರಬ್ಬರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದರೆ ಮರಿಯಾಗುತ್ತದೆ. ಬರೀ ನೀರು ಚೆಲ್ಲಿ ಒಣಗಿಸಿದರೆ ಆಗುವುದಿಲ್ಲ.

ಎನಾಮೆಲ್ ಪೇಂಟ್ ಬಳಿದದ್ದು ಜಿಗುಟಾಗಿಯೇ ಇದ್ದು, ರಬ್ಬರಿನ ಕಂದು ಕಲೆ ಮೇಲೆದ್ದು ಬರುತ್ತದೆ. ಮನೆಯ ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಎಮಲ್ಶನ್ ವಾಸಿ. ಬಿಳಿ ಇಲ್ಲವೇ ತಿಳಿ ಬಣ್ಣವಿರಲಿ. ಮಾರ್ಚ್-ಏಪ್ರಿಲ್ ಬಿಸಿಲಿಗೆ ಕಪ್ಪು ರಬ್ಬರ್ ಕಾದು ಅಂಚಿನ ಬೇರು ಸುಡುತ್ತದೆ.

ತುಂಬುವುದು ಹೀಗೆ: ತಳಕ್ಕೆ ತೆಂಗಿನ ಸಿಪ್ಪೆ, ಕವುಚಿ ಹಾಕಿ. ಅಂಗಾತ ಹಾಕಿದರೆ ಮಳೆಗಾಲದಲ್ಲಿ ನೀರು ತುಂಬಿಕೊಳ್ಳುತ್ತದೆ. ಮೇಲೆ ಎಂಟು ಬುಟ್ಟಿ ಮುರಮಣ್ಣು, ನಾಲ್ಕು ಸುಡುಮಣ್ಣು, ಐದು ಹಟ್ಟಿಗೊಬ್ಬರ. ನಮ್ಮ ಮಣ್ಣು ಹುಳಿ, ಹಾಗಾಗಿ ಅರ್ಧ ಕಿಲೋ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಗೊಬ್ಬರ ಸೇರಿಸಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಹಾರಿಹೋಗುತ್ತದೆ. ಮಣ್ಣು ಇಳಿಯುತ್ತದೆ, ಅಂಚಿನವರೆಗೂ ತುಂಬಿ.

ಸುಣ್ಣಕ್ಕೆ ಇನ್ನೊಂದು ಕಾರಣವಿದೆ. ಟಯರಿನ ರಬ್ಬರಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ, ಹುಳಿ ಮಣ್ಣಿನಲ್ಲಿ ಸತು ಹೆಚ್ಚು ಕರಗುತ್ತದೆ. ಮಲ್ಲಿಗೆ, ಅಬ್ಬಲಿಗೆ, ದಾಸವಾಳ ಧಾರಾಳವಾಗಿ ನೆಡಿ. ತಿನ್ನುವ ಹರಿವೆ, ಬಸಳೆ, ಕೆಸುವಿಗೆ ನೆಲವೇ ಇರಲಿ.