ಟೋಕಿಯೊದಲ್ಲಿ ಗಾಡ್ಜಿಲ್ಲಾ: ಯಾವ ಆಟ ನೋಡಬೇಕು?

ಕೆಲಸಕ್ಕೆಂದು ಜಪಾನಿಗೆ ಬಂದು, ಅರ್ಧಂಬರ್ಧ ಜಪಾನಿ ಕಲಿತವರು ದೈತ್ಯಪ್ರಾಣಿ ಗಾಡ್ಜಿಲ್ಲಾನ ಜಪಾನಿ ಚಿತ್ರ ‘ಗಾಡ್ಜಿಲ್ಲಾ ಮೈನಸ್ ಒನ್’ ಹೇಗೆ ನೋಡಬೇಕು? ನಾನು ಬೇರೆ ಬೇರೆ ರೀತಿಯಲ್ಲಿ ನೋಡಿದ್ದೇನೆ. ನನ್ನ ಮಟ್ಟಿಗೆ ಕಪ್ಪು-ಬಿಳುಪಿನದೇ ಮೇಲು.

ಚಿತ್ರ ಬಿಡುಗಡೆಯಾದದ್ದು 2023ರ ನವೆಂಬರ್ 3ರಂದು. ಮೊಟ್ಟಮೊದಲ ಗಾಡ್ಜಿಲ್ಲಾ ಚಿತ್ರ 1954ರಲ್ಲಿ ಬಂದದ್ದೂ ಇದೇ ತಾರೀಕಿಗೆ. ಮಾಮೂಲಿ ಆಟದಲ್ಲಿ ಸಬ್‌ಟೈಟಲ್ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೋತ ದೇಶ, ಸಾಯದೆ ವಾಪಸ್ ಬಂದ ಕಾಮಿಕಾಜೆ (ಆತ್ಮಾಹುತಿ ದಾಳಿಯ) ಪೈಲಟ್ ಶಿಕಿಶಿಮಾ. ಇಷ್ಟು ಗೊತ್ತಿದ್ದರೆ ಕತೆ ಹಿಡಿಯಬಹುದು. ಆದರೆ ಗಾಡ್ಜಿಲ್ಲಾನನ್ನು ಫ್ರಿಯಾನ್ ಅನಿಲದ ಗುಳ್ಳೆಗಳಲ್ಲಿ ಸುತ್ತಿ ಸಮುದ್ರದ ಆಳಕ್ಕೆ ಮುಳುಗಿಸುವ ಯೋಜನೆಯನ್ನು ನೌಕಾಪಡೆಯ ಮಾಜಿ ಸಿಬ್ಬಂದಿ ವಿವರಿಸುವಾಗ ನನಗೆ ಅರ್ಧವೂ ತಿಳಿಯಲಿಲ್ಲ.

ಕಿವಿ ಕೇಳದವರಿಗಾಗಿ ಕೆಲವು ಆಟಗಳಲ್ಲಿ ಜಪಾನಿ ಸಬ್‌ಟೈಟಲ್ ಹಾಕುತ್ತಾರೆ. ಭಾಷೆ ಕಲಿಯುವವರಿಗೂ ಇದು ವರ. ವೇಗದ ಮಾತು ಕಿವಿಗೆ ಸಿಗದಿದ್ದರೂ ಕಾಂಜಿ (ಜಪಾನಿಯಲ್ಲಿ ಬಳಸುವ ಚೀನೀ ಮೂಲದ ಅಕ್ಷರ) ಕಂಡೊಡನೆ ಅರ್ಥ ಅಂದಾಜಾಗುತ್ತದೆ.

ಆಗ ಮಾಮೂಲಿ ಟಿಕೆಟ್ ಸುಮಾರು 2000 ಯೆನ್ ಇತ್ತು. ಅಲುಗಾಡುವ ಎಂಎಕ್ಸ್‌4ಡಿ ಕುರ್ಚಿಗೆ ಇನ್ನೂ ಜಾಸ್ತಿ. ಸಮುದ್ರದಲ್ಲಿ ಹುದುಗಿಸಿದ ಬಾಂಬು (ಮೈನ್) ತೆಗೆಯುವ ಮರದ ದೋಣಿಯನ್ನು ಗಾಡ್ಜಿಲ್ಲಾ ಅಟ್ಟಿಸಿಕೊಂಡು ಬರುವಾಗ ಆ ಕುರ್ಚಿ ನಿಜಕ್ಕೂ ಮಜಾ ಕೊಡುತ್ತದೆ. ಆದರೆ ಇದು ಸುಮ್ನೆ ಹೊಡೆದಾಟದ ಚಿತ್ರವಲ್ಲ. ಬದುಕುಳಿದ ಪಾಪಪ್ರಜ್ಞೆಯಲ್ಲಿ ಒದ್ದಾಡುವವನ ಕತೆ. ಕುರ್ಚಿಯ ಗಲಾಟೆಯಲ್ಲಿ ಆ ನೋವಿನಿಂದ ಗಮನ ಹಾರಿಹೋಗುತ್ತದೆ.

ಇನ್ನು ಕಪ್ಪು-ಬಿಳುಪು. ‘ಮೈನಸ್ ಕಲರ್’ ಎಂಬ ಹೆಸರಲ್ಲಿ 2024ರ ಜನವರಿ 12ಕ್ಕೆ ಬಂತು. ನಿರ್ದೇಶಕ ತಕಾಶಿ ಯಮಝಾಕಿ ಸುಮ್ನೆ ಬಣ್ಣ ಅಳಿಸಿಲ್ಲ, ಒಂದೊಂದು ಶಾಟನ್ನೂ ಹೊಸದಾಗಿ ತಿದ್ದಿಸಿದ್ದಾರೆ. ಟೋಕಿಯೊದ ಗಿಂಝಾ ಬಡಾವಣೆ ನಾಶವಾಗುವ ದೃಶ್ಯ ನೋಡಬೇಕು! ಸ್ಫೋಟದ ನಂತರ ಕಪ್ಪು ಮಳೆ ಸುರಿಯುತ್ತದೆ. ಬಣ್ಣದಲ್ಲಿ ಅದು ಗ್ರಾಫಿಕ್ಸ್ ಅಂತ ಗೊತ್ತಾಗುತ್ತದೆ. ಇಲ್ಲಿ ಹಳೆಯ ಸುದ್ದಿಚಿತ್ರದ ತುಣುಕು ನೋಡಿದಂತಾಗುತ್ತದೆ, ಹಿರೋಶಿಮಾ ನೆನಪಾಗದೆ ಇರದು. ಮೊದಲ ಗಾಡ್ಜಿಲ್ಲಾ ಚಿತ್ರಕ್ಕೆ ಅಕಿರಾ ಇಫುಕುಬೆ 1954ರಲ್ಲಿ ಕಟ್ಟಿದ ಸಂಗೀತವೂ ಇಲ್ಲೇ ಹೆಚ್ಚು ಹೊಂದುತ್ತದೆ. ಸುತ್ತ ಶಿಳ್ಳೆಯಿಲ್ಲ, ಚಪ್ಪಾಳೆಯಿಲ್ಲ. ಹೆಸರುಗಳೆಲ್ಲ ಮುಗಿದು ದೀಪ ಹತ್ತುವವರೆಗೆ ಯಾರೂ ಏಳಲಿಲ್ಲ. ನಮ್ಮ ಥಿಯೇಟರ್ ಗದ್ದಲ ನನಗೆ ಪ್ರಾಣ, ಆದರೆ ಈ ಚಿತ್ರಕ್ಕೆ ಈ ಮೌನವೇ ಸರಿ.

ಊರಿಗೆ ಬಂದಾಗ ಟೀವಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿಯೂ ನೋಡಿದೆ. ಆ ಫ್ರಿಯಾನ್ ಲೆಕ್ಕಾಚಾರ ಕೊನೆಗೂ ಅರ್ಥವಾಯಿತು. ಆದರೆ ಎದೆ ನಡುಗಿಸುವ ಗರ್ಜನೆ ಟೀವಿಯಲ್ಲಿ ಎಲ್ಲಿ ಬರಬೇಕು, ಅಲ್ವಾ?

ಜಪಾನಿ ಬರದವರು ಮೊದಲು ಹೀಗೆ ಮನೆಯಲ್ಲೇ ನೋಡಿ, ಕತೆ ತಿಳಿದುಕೊಳ್ಳಿ. ಆಮೇಲೆ ಕಪ್ಪು-ಬಿಳುಪಿನದು ಮತ್ತೆ ದೊಡ್ಡ ಪರದೆಗೆ ಬಂದರೆ ರಜೆ ಹಾಕಿಯಾದರೂ ಹೋಗಿ.