ಸ್ನಾಯು ಅಂಗಾಂಶದ ಸ್ಲೈಡ್ ಸೆಟ್: ಕರುಳಿನದು ಅಚ್ಚುಕಟ್ಟು, ಹೃದಯದ್ದು ಸಪ್ಪೆ

ಪೆಟ್ಟಿಗೆಯಲ್ಲಿ ನಾಲ್ಕು ಸ್ಲೈಡ್‌ಗಳಿವೆ: ಪಟ್ಟೆ ಸ್ನಾಯುವಿನ ನೀಳಛೇದ, ಅದರದೇ ಅಡ್ಡಛೇದ, ಹೃದಯ ಸ್ನಾಯು, ಕರುಳಿನ ಗೋಡೆಯ ನಯ ಸ್ನಾಯು. ನಾಲ್ಕಕ್ಕೂ ಹಿಮಟಾಕ್ಸಿಲಿನ್–ಇಯೋಸಿನ್ ಬಣ್ಣ ಹಾಕಿದ್ದಾರೆ. ಕೋಶಕೇಂದ್ರ ನೀಲಿ-ನೇರಳೆ, ಉಳಿದದ್ದು ಗುಲಾಬಿ.

ನೀಳಛೇದವನ್ನು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಹುಡುಕಿಕೊಂಡು 40ಕ್ಕೆ ಹೋಗಿ. ಪಟ್ಟೆ ಕಾಣದಿದ್ದರೆ ಸ್ಲೈಡನ್ನು ಬೈಯುವ ಮೊದಲು ಕಂಡೆನ್ಸರ್‌ನ ಡಯಾಫ್ರಂ (ಸ್ಲೈಡಿನ ಕೆಳಗೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕಿಂಡಿ) ನೋಡಿ. ಪೂರ್ತಿ ತೆರೆದಿದ್ದರೆ ಬೆಳಕಿನಲ್ಲಿ ಪಟ್ಟೆ ಮಾಸುತ್ತದೆ, ತೀರಾ ಮುಚ್ಚಿದರೆ ಇಲ್ಲದ ಗೆರೆಗಳು ಹುಟ್ಟುತ್ತವೆ. ಮೂರರಲ್ಲಿ ಎರಡು ಪಾಲು ತೆರೆದಿಟ್ಟರೆ ಸರಿ. ಎಣ್ಣೆ ಹಾಕಿ 100ರಲ್ಲಿ ನೋಡಿದರೆ ದಟ್ಟ ಪಟ್ಟೆ, ತಿಳಿ ಪಟ್ಟೆ, ತಿಳಿಯ ನಡುವೆ ಕೂದಲೆಳೆಯಂಥ ಜೆಡ್ ಗೆರೆ ಸಿಗುತ್ತವೆ. ಒಂದು ಜೆಡ್‌ನಿಂದ ಮುಂದಿನ ಜೆಡ್‌ಗೆ ಸುಮಾರು 2 ಮೈಕ್ರೋಮೀಟರ್. ಅದೇ ಒಂದು ಸಾರ್ಕೋಮಿಯರ್, ಅಂದರೆ ಸ್ನಾಯು ಕುಗ್ಗುವ ಘಟಕ. ಸ್ನಾಯು ಕುಗ್ಗಿದಾಗ ಕಿರಿದಾಗುವುದು ತಿಳಿ ಪಟ್ಟೆ ಮಾತ್ರ. ಪಟ್ಟೆಗಳೊಳಗಿನ ಪ್ರೋಟೀನ್ ಎಳೆಗಳು ಗಿಡ್ಡವಾಗದೆ ಒಂದರ ಪಕ್ಕ ಒಂದು ಜಾರುವುದರಿಂದ ದಟ್ಟ ಪಟ್ಟೆಯ ಅಗಲ ಹಾಗೇ ಉಳಿಯುತ್ತದೆ. ಜೊತೆಗಿರುವ ಚೀಟಿಯಲ್ಲಿ ಆಕ್ಟಿನ್, ಮಯೋಸಿನ್ ಎಂಬ ಈ ಎಳೆಗಳಿಗೂ ಬಾಣ ಹಾಕಿದ್ದಾರೆ. ನಂಬಿ ಹುಡುಕಬೇಡಿ: ಬೆಳಕಿನ ಸೂಕ್ಷ್ಮದರ್ಶಕದ ಮಿತಿ ಸುಮಾರು 0.2 ಮೈಕ್ರೋಮೀಟರ್, ಮಯೋಸಿನ್ ಎಳೆಯ ದಪ್ಪ ಅದರ ಹತ್ತನೇ ಒಂದು ಪಾಲೂ ಇಲ್ಲ.

ಅಡ್ಡಛೇದ ಪರವಾಗಿಲ್ಲ. ಕೋಶಕೇಂದ್ರಗಳು ಸ್ನಾಯುಕೋಶದ ಅಂಚಿಗೆ ಒತ್ತಿಕೊಂಡಿರುವುದು ಸ್ಪಷ್ಟ. ಕೋಶಗಳ ನಡುವಿನ ಬಿಳಿ ಬಿರುಕುಗಳು ಮಾತ್ರ ಅಂಗಾಂಶ ಸಂಸ್ಕರಣೆಯಲ್ಲಿ ಮುದುಡಿದ್ದರಿಂದ ಆದವು; ಚಿತ್ರ ಬಿಡಿಸುವಾಗ ಸೇರಿಸಬೇಡಿ.

ಸೆಟ್ಟಿನ ಕೊರತೆ ಹೃದಯದ ಸ್ಲೈಡು. ಕವಲೊಡೆದ ಕೋಶಗಳು, ನಡುವೆ ಒಂದೋ ಎರಡೋ ಕೋಶಕೇಂದ್ರ, ಇಷ್ಟು ಸಿಗುತ್ತದೆ. ಆದರೆ ಕೋಶಗಳು ಒಂದಕ್ಕೊಂದು ಕೂಡುವ ಇಂಟರ್‌ಕ್ಯಾಲೇಟೆಡ್ ಡಿಸ್ಕ್‌ಗಳು ಮಸುಕು ಮಸುಕು. ವಿದ್ಯುತ್ ಸಂಕೇತ ಕೋಶದಿಂದ ಕೋಶಕ್ಕೆ ದಾಟಿ ಹೃದಯ ಒಟ್ಟಾಗಿ ಮಿಡಿಯುವುದು ಅವುಗಳ ಮೂಲಕವೇ, ಹಾಗಾಗಿ ಅವೇ ಕಾಣದ ಸ್ಲೈಡು ಅರ್ಧ ಪಾಠ. ತಪ್ಪು ಬಣ್ಣದ ಆಯ್ಕೆಯದು. ಫಾಸ್ಫೋಟಂಗ್‌ಸ್ಟಿಕ್ ಆಸಿಡ್ ಹಿಮಟಾಕ್ಸಿಲಿನ್ ಎಂಬ ಬಣ್ಣ ಹಾಕಿದ್ದರೆ ಡಿಸ್ಕ್‌ಗಳು ಗಾಢ ನೀಲಿಯಲ್ಲಿ ಮೆಟ್ಟಿಲಿನಂತೆ ಎದ್ದು ಕಾಣುತ್ತಿದ್ದವು. ಇದೊಂದನ್ನು ಬೇರೆ ಕಡೆ ಬಿಡಿಯಾಗಿ ಕೊಳ್ಳುವುದು ಒಳ್ಳೆಯದು.

ನಯ ಸ್ನಾಯುವಿನದು ನಿಜಕ್ಕೂ ಚೆನ್ನಾಗಿದೆ. ಕರುಳನ್ನು ಅಡ್ಡ ಕೊಯ್ದಿರುವುದರಿಂದ ಕರುಳನ್ನು ಸುತ್ತುವ ಒಳಪದರದ ಕೋಶಗಳು ಕದಿರಿನಾಕಾರದಲ್ಲಿ ಉದ್ದಕ್ಕೆ, ಕರುಳಿನುದ್ದಕ್ಕೂ ಸಾಗುವ ಹೊರಪದರದವು ಚುಕ್ಕೆಗಳಾಗಿ ಕಾಣುತ್ತವೆ. ಚುಕ್ಕೆಗಳ ಗಾತ್ರ ಬೇರೆ ಬೇರೆ, ಎಷ್ಟೋ ಚುಕ್ಕೆಗಳಲ್ಲಿ ಕೋಶಕೇಂದ್ರವೇ ಇಲ್ಲ. ಅದು ದೋಷವಲ್ಲ, ಚೂಪಾದ ತುದಿಯಲ್ಲಿ ಕತ್ತರಿಸಿದರೆ ಹಾಗೇ ಆಗುವುದು. ತಿರುಪಿನಂತೆ ಸುತ್ತಿಕೊಂಡ ಕೋಶಕೇಂದ್ರ ಸಿಕ್ಕರೆ ಆ ಕೋಶ ಕುಗ್ಗಿದ ಸ್ಥಿತಿಯಲ್ಲಿತ್ತು ಎಂದರ್ಥ. ಎರಡು ಪದರಗಳ ನಡುವೆ ತಿಳಿ ಬಣ್ಣದ ನರಕೋಶದ ಗುಂಪುಗಳೂ ಇವೆ, ಚೀಟಿಯಲ್ಲಿ ಅವುಗಳ ಸುದ್ದಿಯೇ ಇಲ್ಲ.

ಸ್ಲೈಡು ಬೋರಲಾಗಿದ್ದರೆ 40ರಲ್ಲಿ ಫೋಕಸ್ ಸಿಗುವುದಿಲ್ಲ, ಮಸೂರ ಗಾಜಿಗೆ ತಾಗುತ್ತದೆ, ಕವರ್‌ಸ್ಲಿಪ್ ಮೇಲ್ಮುಖವಾಗಿರಲಿ. ಇಯೋಸಿನ್ ಬೆಳಕಿಗೆ ಮಾಸುವ ಬಣ್ಣವಾದ್ದರಿಂದ, ನೋಡಿದ ಮೇಲೆ ಎಣ್ಣೆ ಒರೆಸಿ ಮುಚ್ಚಳ ಹಾಕಿಡಿ.