ರ‍್ಯಾಮ್ ಟೆಸ್ಟ್ ಪಾಸಾಯಿತು ಅಂತ ಬಸ್ ಸರಿಯಿದೆ ಅಂದುಕೊಳ್ಳಬೇಡಿ

ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟಿನ ನಕ್ಷೆಯಲ್ಲಿ) ಡೇಟಾ ಬಸ್ಸಿಗೆ, ಅಂದರೆ ಚಿಪ್‌ಗಳ ನಡುವೆ ಡೇಟಾ ಒಯ್ಯುವ ತಂತಿಗಳ ಗುಂಪಿಗೆ, ಸುಮ್ನೆ ‘ಡಿ’ ಅಂತ ಹೆಸರಿಟ್ಟು ಮುಂದೆ ಹೋಗುವವರು ಇದನ್ನೊಮ್ಮೆ ಓದಿ. ಆ ಒಂದಕ್ಷರ ನನ್ನ ಮೂರು ದಿನ ನುಂಗಿತು.

ಸರ್ಕ್ಯೂಟ್ ದೊಡ್ಡದೇನಲ್ಲ. ಒಂದು ಪ್ರೊಸೆಸರ್, 8 ಬಿಟ್ ಡೇಟಾ ಬಸ್, ಅದರ ಮೇಲೊಂದು ಸ್ಟ್ಯಾಟಿಕ್ ರ‍್ಯಾಮ್, ಒಂದು ಪ್ಯಾರಲಲ್ ಫ್ಲ್ಯಾಶ್ (ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಮೆಮೊರಿ). ಪ್ರೊಸೆಸರ್ ಶೀಟಿನಲ್ಲಿ ಬಸ್ಸನ್ನು ಡಿ[0..7], ಅಂದರೆ ಡಿ0ಯಿಂದ ಡಿ7ರವರೆಗಿನ ತಂತಿಗಳು, ಎಂದು ಬರೆದಿದ್ದೆ. ವಾರ ಬಿಟ್ಟು ಮೆಮೊರಿ ಶೀಟ್ ಬರೆಯುವಾಗ ಡಿ[7..0] ಎಂದೆ. ಎರಡೂ ಒಂದೇ ಅಲ್ವಾ ಅನ್ನಿಸಿತ್ತು. ನನ್ನ ಸಾಫ್ಟ್‌ವೇರ್ ಮಾತ್ರ ನಂಬರ್ ನೋಡದೆ, ಸಾಲಿನಲ್ಲಿ ಎಷ್ಟನೆಯದು ಅಂತ ನೋಡಿ ಜೋಡಿಸಿತು. ಅಲ್ಲಿನ ಸೊನ್ನೆ ಇಲ್ಲಿನ ಏಳಕ್ಕೆ ಹೋಯಿತು. ನಕ್ಷೆಯ ತಪ್ಪು ಹುಡುಕುವ ರೂಲ್ ಚೆಕ್ ಕೂಡ ಚಕಾರ ಎತ್ತಲಿಲ್ಲ. ಎಂಟಕ್ಕೆ ಎಂಟು ತಂತಿ ಲೆಕ್ಕ ಸರಿಯಿತ್ತಲ್ಲ!

ಬೋರ್ಡ್ ಬಂತು. ರ‍್ಯಾಮ್ ಟೆಸ್ಟ್ ಮೊದಲ ಸಲವೇ ಪಾಸ್. ನಾನು ಮೋಸ ಹೋದದ್ದು ಇಲ್ಲೇ. ರ‍್ಯಾಮ್‌ಗೆ ಡೇಟಾ ತಂತಿಗಳು ಅದಲುಬದಲಾದರೂ ಏನೂ ಆಗುವುದಿಲ್ಲ. ಬರೆಯುವಾಗ ತಿರುಗಿದ ಬಿಟ್‌ಗಳು ಓದುವಾಗ ಅದೇ ದಾರಿಯಲ್ಲಿ ಮತ್ತೆ ತಿರುಗಿ ಸರಿಯಾಗುತ್ತವೆ. ನಾನು ‘ಡೇಟಾ ಬಸ್ ಓಕೆ’ ಅಂತ ಟಿಕ್ ಹಾಕಿದೆ.

ಫ್ಲ್ಯಾಶ್ ಹಾಗಲ್ಲ, ಅದಕ್ಕೆ ಕಮಾಂಡ್ ಅರ್ಥವಾಗಬೇಕು. ಚಿಪ್ಪಿನ ಗುರುತಿನ ಸಂಖ್ಯೆ (ಐಡಿ) ಓದಲು ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆಯಲ್ಲಿ) ಎಎ, 55, 90 ಬರೆಯಬೇಕಿತ್ತು. ಬರೆದೆ. ಚಿಪ್ ಬಾಯೇ ಬಿಡಲಿಲ್ಲ. ಬೆಸುಗೆ ಮತ್ತೆ ಹಾಕಿದೆ. ಚಿಪ್ಪನ್ನೇ ಬದಲಿಸಿದೆ. ಕೊನೆಗೆ ತಂತಿಯ ಮೇಲೆ ಹೋಗುವ ಬಿಟ್‌ಗಳನ್ನು ತೋರಿಸುವ ಲಾಜಿಕ್ ಅನಲೈಸರನ್ನು ಫ್ಲ್ಯಾಶ್ ಪಿನ್‌ಗಳಿಗೇ ಹಚ್ಚಿದಾಗ ಕಂಡದ್ದು 55, ಎಎ, 09. ಓಹೋ, ಮೊದಲೆರಡನ್ನು ಹಿಂದುಮುಂದಾಗಿ ಕಳಿಸುತ್ತಿದ್ದೇನೆ ಅಂದುಕೊಂಡು ಕೋಡ್ ತಿದ್ದಿದೆ! ಅರ್ಧ ದಿನ ಅದಕ್ಕೇ ಹೋಯಿತು. ಎಎಯ ಬಿಟ್‌ಗಳನ್ನು ತಲೆಕೆಳಗು ಮಾಡಿದರೆ 55, 55ನ್ನು ಮಾಡಿದರೆ ಎಎ. ನನ್ನ ಗ್ರಹಚಾರ ನೋಡಿ. 90 ಹೇಗೆ 09 ಆಯಿತು ಅಂತ ಹಾಳೆಯ ಮೇಲೆ ಸೊನ್ನೆ-ಒಂದುಗಳಲ್ಲಿ ಬರೆದು ನೋಡಿದಾಗಲೇ ತಲೆಗೆ ಹೊಳೆದದ್ದು.

ಆ ದಪ್ಪ ಬಸ್ ಗೆರೆಯನ್ನೂ ಜಾಸ್ತಿ ನಂಬಬೇಡಿ. ಹಲವು ಟೂಲ್‌ಗಳಲ್ಲಿ ತಂತಿ ಸೇರುವುದು ಲೇಬಲ್ ಹೆಸರಿನಿಂದ. ಡಿ7 ಬೇರೆ, ಡಿ07 ಬೇರೆ. ಡಿಸ್‌ಪ್ಲೇ ಬಸ್ಸಿಗೂ ‘ಡಿ’ ಅಂತಲೇ ಗ್ಲೋಬಲ್ (ಎಲ್ಲ ಶೀಟಿಗೂ ಅನ್ವಯಿಸುವ) ಲೇಬಲ್ ಕೊಟ್ಟಿದ್ದರೆ ಎರಡೂ ಸದ್ದಿಲ್ಲದೆ ಶಾರ್ಟ್ ಆಗುತ್ತಿದ್ದವು. ಈಗ ನಾನು ಮೆಮ್_ಡಿ[7..0] ಎಂದೇ ಬರೆಯುತ್ತೇನೆ, ಎಲ್ಲ ಶೀಟಿನಲ್ಲೂ ದೊಡ್ಡ ನಂಬರ್ ಮೊದಲು. ಡೇಟಾ ಕಳಿಸುವ ತಂತಿಗೆ ಬರೀ ‘ಟಿಎಕ್ಸ್’ ಅಂತಲೂ ಬರೆಯುವುದಿಲ್ಲ. ಯಾರ ಟಿಎಕ್ಸ್ ಅಂತ ಹೆಸರೇ ಹೇಳಬೇಕು. ಬೋರ್ಡ್ ಆರ್ಡರ್ ಮಾಡುವ ಮೊದಲು, ಯಾವ ಪಿನ್ ಯಾವುದಕ್ಕೆ ಸೇರಿದೆ ಎಂಬ ಪಟ್ಟಿಯಾದ ನೆಟ್‌ಲಿಸ್ಟ್ ತೆರೆದು, ಪ್ರತಿ ಚಿಪ್‌ನ 0ನೇ ಬಿಟ್ ಮತ್ತು 7ನೇ ಬಿಟ್ ಎಲ್ಲಿಗೆ ಹೋಗಿದೆ ಅಂತ ಕಣ್ಣಾರೆ ನೋಡುತ್ತೇನೆ. ಹತ್ತು ನಿಮಿಷದ ಕೆಲಸ.

ಆ ಬೋರ್ಡ್ ಇನ್ನೂ ಓಡುತ್ತಿದೆ. ಫ್ಲ್ಯಾಶ್‌ಗೆ ಹೋಗುವ, ಬರುವ ಪ್ರತಿ ಬೈಟನ್ನೂ 256 ಬೈಟಿನ ಒಂದು ಟೇಬಲ್ ತಿರುಗಿಸಿ ಕೊಡುತ್ತದೆ. ಕೋಡ್‌ನಲ್ಲಿ ಆ ಟೇಬಲ್‌ನ ಮೇಲೆ ‘ಮುಟ್ಟಬೇಡಿ’ ಅಂತ ಕಾಮೆಂಟ್ ಹಾಕಿದ್ದೇನೆ. ಯಾಕೆ ಅಂತ ಬರೆಯಲು ನಾಚಿಕೆಯಾಯಿತು.